ಟ್ರ್ಯಾಕ್ಟರ್ ತೊಳೆಯಲು ಕೆರೆಯೇ ಬೇಕಾ?

ಹೋದ ಬೇಸಿಗೆಯ ಒಂದು ಬೆಳಿಗ್ಗೆ ನಮ್ಮೂರ ಕಟ್ಟೆಯಲ್ಲಿ ಮೀನುಗಳು ಬಾಯಿ ಮೇಲೆತ್ತಿಕೊಂಡು ಒದ್ದಾಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲಿದವು. ಯಾರೋ ವಿಷ ಹಾಕಿದ್ದಾರೆ ಅಂತ ಊರೆಲ್ಲ ಗುಲ್ಲು. ಮರಿ ಬಿಟ್ಟಿದ್ದ ಹುಡುಗರು ತಲೆ ಮೇಲೆ ಕೈ ಹೊತ್ತು ಕೂತರು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡ ಮೇಲೆ ನಾನು ಮಾತಾಡಲಿಲ್ಲ. ಹಿಂದಿನ ಸಂಜೆ ಅಲ್ಲಿ ಟ್ರ್ಯಾಕ್ಟರ್ ತೊಳೆದು, ಹಳೇ ಆಯಿಲನ್ನು ದಂಡೆಗೆ ಚೆಲ್ಲಿದವನು ನನ್ನ ಮಗ. ಅವನಿಗೆ ಅದನ್ನು ಕಲಿಸಿದವನು ನಾನು. ಡೀಸೆಲ್ ಎಂಜಿನ್ ಇದ್ದ ಕಾಲದಲ್ಲಿ ನಾನೂ ಹಾಗೇ ಮಾಡುತ್ತಿದ್ದೆ.

ಅಷ್ಟು ಆಯಿಲಿನಿಂದಲೇ ಎಲ್ಲ ಸತ್ತವು ಅಂತ ಆಣೆ ಮಾಡಿ ಹೇಳಲಾರೆ. ಬೇಸಿಗೆಯಲ್ಲಿ ನೀರು ಇಳಿದು ಕಾದಾಗ ಅದರಲ್ಲಿ ಆಮ್ಲಜನಕ ಮೊದಲೇ ಕಮ್ಮಿ. ಅದರ ಮೇಲೆ ಎಣ್ಣೆಯ ಪದರ ಕವಿದರೆ ಗಾಳಿ ನೀರಿಗೆ ಇಳಿಯುವುದು ಇನ್ನೂ ಕಷ್ಟ. ಸೊಳ್ಳೆ ಮರಿ ಉಸಿರುಕಟ್ಟಿ ಸಾಯಲಿ ಅಂತಲೇ ಅಲ್ಲವೇ ಚರಂಡಿಗೆ ಎಣ್ಣೆ ಬಿಡುವುದು? ಅದು ಗೊತ್ತಿದ್ದೂ ನಾವು ಕೆರೆಗೆ ಚೆಲ್ಲುತ್ತೇವೆ.

ಕಣ್ಣಿಗೆ ಕಾಣುವುದು ಮೇಲಿನ ಪದರ. ಅದರಿಂದ ನೀರಿಗೆ ಕರಗಿ ಇಳಿಯುವ ವಿಷ ಕಾಣುವುದಿಲ್ಲ. ಅದು ಮೀನಿನ ಕಿವಿರಿಗೆ ತಾಗುತ್ತದೆ. ದೊಡ್ಡ ಮೀನು ತಡೆದುಕೊಂಡರೂ ಮೊಟ್ಟೆ, ಮರಿ ತಡೆಯವು. 1989ರಲ್ಲಿ ಅಮೆರಿಕದ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಒಡೆದು ಕಚ್ಚಾ ಎಣ್ಣೆ ಸಮುದ್ರಕ್ಕೆ ಸುರಿಯಿತು. ಆಮೇಲೆ ನಡೆದ ಅಧ್ಯಯನಗಳಲ್ಲಿ, ನೀರಿನಲ್ಲಿ ಲೇಶಮಾತ್ರ ಎಣ್ಣೆ ಇದ್ದರೂ ಮೊಟ್ಟೆಯೊಳಗಿನ ಮರಿಯ ಹೃದಯ ಸರಿಯಾಗಿ ಬೆಳೆಯುವುದಿಲ್ಲ ಅಂತ ಕಂಡುಬಂತು. ಎಂಜಿನ್ನಿನಲ್ಲಿ ಕಾದು ಕಪ್ಪಾದ ಆಯಿಲಿನಲ್ಲಿ ಇಂಥ ವಿಷ ಹೊಸ ಆಯಿಲಿಗಿಂತ ಹೆಚ್ಚು. ಸವೆದ ಲೋಹವೂ ಅದರಲ್ಲೇ ಇರುತ್ತದೆ.

ಕಾರ್ಖಾನೆ ನೀರು ಅಂದರೆ ನಮಗೆಲ್ಲ ಸಿಟ್ಟು ಬರುತ್ತದೆ. ಬರಬೇಕಾದ್ದೇ. ಮಂಗಳೂರಿನ ಎಂಆರ್‌ಪಿಎಲ್‌ನಂಥ ತೈಲ ಸಂಸ್ಕರಣಾಗಾರಗಳು ಹೊರಬಿಡುವ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚು ಎಣ್ಣೆ ಇರಕೂಡದು ಅಂತ 2008ರಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿದೆ. ಆ ಮಿತಿಯನ್ನು ನಮಗೂ ಹಾಕಿ ನೋಡೋಣ. ಒಂದು ಲೀಟರ್ ಆಯಿಲ್ ಸುಮಾರು 900 ಗ್ರಾಂ ತೂಗುತ್ತದೆ. ಅದು ಆ ಮಿತಿಯೊಳಗೆ ಇರಬೇಕಾದರೆ 1,80,000 ಲೀಟರ್ ನೀರಿನಲ್ಲಿ ಬೆರೆಯಬೇಕು. 8,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಟ್ಯಾಂಕರ್! ಒಂದು ಸಲಕ್ಕೆ ಟ್ರ್ಯಾಕ್ಟರಿನಿಂದ ಇಳಿಸುವುದು ಒಂದೇ ಲೀಟರಲ್ಲ. ಕಾರ್ಖಾನೆಗೆ ಕಾನೂನಾದರೂ ಇದೆ, ನಮ್ಮನ್ನು ಕೇಳುವವರು ಯಾರು?

ಬೋರನಕಣಿವೆಯಲ್ಲಿ ಎರಡು ಗುಡ್ಡದ ನಡುವೆ ಸುವರ್ಣಮುಖಿಗೆ ಏರಿ ಕಟ್ಟಿದ್ದು ಮೈಸೂರು ಅರಸರ ಕಾಲದಲ್ಲಿ. ಅದು ತುಂಬುವುದನ್ನು ನೋಡಲು ನಾವು ವರ್ಷಗಟ್ಟಲೆ ಕಾಯುತ್ತೇವೆ. ನನ್ನಂಥ ರಾಗಿ, ಹುರುಳಿಯ ಬೆದ್ದಲು ರೈತನಿಗೆ ಕೆರೆಕಟ್ಟೆ ಅಂದರೆ ದನಕ್ಕೆ ನೀರು, ಬೋರ್‌ವೆಲ್ಲಿಗೆ ಜೀವ. ಸುತ್ತಲ ಹಳ್ಳಗಳಿಗೆ ಚೆಲ್ಲಿದ್ದು ಮಳೆ ಬಂದಾಗ ಕೆಳಗಿನ ಕೆರೆಗೇ ಬರುತ್ತದೆ. ಹನಿಗೂಡಿದರೆ ಹಳ್ಳ ಅಂತೀವಲ್ಲ, ಆಯಿಲಿಗೂ ಅದೇ ಲೆಕ್ಕ.

ಮಾಡಬೇಕಾದ್ದು ಬಹಳ ಇಲ್ಲ. ಹಳೇ ಆಯಿಲನ್ನು ಡಬ್ಬಕ್ಕೆ ಹಿಡಿದು ಗ್ಯಾರೇಜಿಗೆ ಕೊಡಿ. ಅದನ್ನು ಶುದ್ಧಮಾಡಿ ಮತ್ತೆ ಬಳಸಲು ಬರುತ್ತದೆ. ಗಾಡಿಯನ್ನು ನೀರಿಂದ ದೂರ, ದಿಬ್ಬದ ಮೇಲೆ ತೊಳೆಯಿರಿ. ನೆಲಕ್ಕೆ ಸುರಿದದ್ದರ ಮೇಲೆ ತೆಂಗಿನ ನಾರಿನ ಪುಡಿ ಹಾಕಿ. ನಮ್ಮ ಕಡೆ ಅದಕ್ಕೇನು ಬರವೇ? ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಆ ಪುಡಿಯನ್ನು ಮಾತ್ರ ತಿಪ್ಪೆಗಾಗಲಿ ತೆಂಗಿನ ಬುಡಕ್ಕಾಗಲಿ ಹಾಕಬೇಡಿ. ಪಂಚಾಯ್ತಿಯವರು ಕೆರೆಯಿಂದಾಚೆ ಗಾಡಿ ತೊಳೆಯಲು ಒಂದು ಜಾಗ ಮಾಡಿ, ಎಣ್ಣೆ ಬೇರೆಯಾಗುವಂತೆ ಗುಂಡಿ ಕಟ್ಟಿಸಲಿ. ಆಮೇಲೂ ಏರಿ ಪಕ್ಕ ತೊಳೆಯುವವರಿಗೆ ದಂಡ ಹಾಕಲಿ.

ಮೊದಲ ದಂಡ ನನಗೇ ಹಾಕಲಿ. ಆ ಹುಡುಗರಿಗೆ ಮರಿಯ ದುಡ್ಡು ಕೊಟ್ಟಿದ್ದೇನೆ. ಕಾರಣ ಹೇಳಲು ಆಗ ಧೈರ್ಯ ಬರಲಿಲ್ಲ, ಇಲ್ಲಿ ಬರೆದಿದ್ದೇನೆ.