ಮನೆಗೆ ಕಳಿಸುವ ಮುನ್ನ ಕೂಸಿನ ಕೈಕಾಲಿಗೊಂದು ಪರೀಕ್ಷೆ

ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಆಶಾ ಕಾರ್ಯಕರ್ತೆಯರು, ನರ್ಸ್‌ಗಳು ಮನೆಮನೆ ತಿರುಗಿ, ಹಗಲಿರುಳು ದುಡಿದು ತಂದ ಬದಲಾವಣೆ ಇದು. ಹಾಗಾಗಿ ರಾಜ್ಯದಲ್ಲಿ ಹುಟ್ಟುವ ಹೆಚ್ಚುಕಡಿಮೆ ಪ್ರತಿ ಮಗುವೂ ಮೊದಲ ಒಂದೆರಡು ದಿನ ವೈದ್ಯರ ಕಣ್ಣೆದುರೇ ಇರುತ್ತದೆ. ಆ ಅವಧಿಯಲ್ಲಿ ಕೂಸಿನ ರಕ್ತದ ಆಮ್ಲಜನಕ ಅಳೆಯಲು ಐದು ನಿಮಿಷ ಎತ್ತಿಟ್ಟರೆ, ಹುಟ್ಟಿನಿಂದಲೇ ಗಂಭೀರ ಹೃದ್ರೋಗವಿರುವ ಹಲವು ಮಕ್ಕಳನ್ನು ಉಳಿಸಬಹುದು. ಆದರೆ ಈ ತಪಾಸಣೆ ಇನ್ನೂ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ತಪ್ಪದೆ ನಡೆಯುವ ಕೆಲಸವಾಗಿಲ್ಲ.

ಸಾವಿರ ಶಿಶುಗಳಲ್ಲಿ ಎಂಟೊಂಬತ್ತಕ್ಕೆ ಹೃದಯದ ರಚನೆಯಲ್ಲೇ ದೋಷವಿರುತ್ತದೆ. ದೇಶದಲ್ಲಿ ವರ್ಷಕ್ಕೆ ಇಂಥ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಾರೆಂಬ ಅಂದಾಜಿದೆ. ಐವರಲ್ಲಿ ಒಬ್ಬರಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಸಿಗಬೇಕು.

ಈ ಕಾಯಿಲೆ ಎಲ್ಲರ ಕಣ್ತಪ್ಪಿಸುವುದಕ್ಕೆ ಕಾರಣವಿದೆ. ಗರ್ಭದಲ್ಲಿ ಶ್ವಾಸಕೋಶಕ್ಕೆ ಉಸಿರಾಟದ ಕೆಲಸವಿಲ್ಲದ್ದರಿಂದ ರಕ್ತ ಡಕ್ಟಸ್ ಆರ್ಟೀರಿಯೋಸಸ್ ಎಂಬ ಬಳಸುದಾರಿಯಲ್ಲಿ ಸಾಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಈ ದಾರಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೃದಯದ ಎಡಭಾಗ ಬೆಳೆಯದ, ಅಥವಾ ಶ್ವಾಸಕೋಶಕ್ಕೆ ಹೋಗುವ ಕವಾಟವೇ ತೆರೆಯದ ಮಗು ಬದುಕಿರುವುದು ಆ ದಾರಿಯ ಬಲದಿಂದಲೇ. ಅದು ತೆರೆದಿರುವವರೆಗೆ ಮಗು ಅಳುತ್ತದೆ, ಹಾಲು ಕುಡಿಯುತ್ತದೆ, ನೋಡಿದವರೆಲ್ಲ ಆರೋಗ್ಯವಾಗಿದೆ ಎನ್ನುತ್ತಾರೆ. ಬಾಣಂತಿ ತವರಿಗೆ ಹೋದ ಮೇಲೆ ದಾರಿ ಮುಚ್ಚುತ್ತದೆ. ಮಗು ಎದೆಹಾಲು ಎಳೆಯುವುದನ್ನು ಬಿಡುತ್ತದೆ, ಏದುಸಿರು ಬಿಡುತ್ತದೆ, ಕೈಕಾಲು ತಣ್ಣಗಾಗುತ್ತವೆ. ಮನೆಯವರು ದೃಷ್ಟಿ ತೆಗೆಯುತ್ತಾರೆ, ಶೀತವೆಂದು ಬೆಚ್ಚಗೆ ಹೊದಿಸುತ್ತಾರೆ. ಹತ್ತಿರದ ವೈದ್ಯರು ಸೋಂಕೆಂದು ಭಾವಿಸುವುದೂ ಸಹಜ. ಅಷ್ಟರಲ್ಲಿ ಅಮೂಲ್ಯವಾದ ಹೊತ್ತು ಕಳೆದಿರುತ್ತದೆ.

ಬರಿಗಣ್ಣನ್ನು ಇಲ್ಲಿ ನಂಬುವಂತಿಲ್ಲ. ರಕ್ತದ ಆಮ್ಲಜನಕ ಶೇ 80ರ ಆಸುಪಾಸಿಗೆ ಇಳಿಯುವವರೆಗೂ ಮೈ ನೀಲಿಗಟ್ಟಿದ್ದು ಕಾಣುವುದು ಕಷ್ಟ. ಮೈಬಣ್ಣ ಕಂದಾಗಿದ್ದರೆ ಮತ್ತೂ ಕಷ್ಟ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ಮಾತ್ರ ಅದಕ್ಕೂ ಮೊದಲೇ ಸುಳಿವು ಕೊಡುತ್ತದೆ. ಆದರೆ ದೊಡ್ಡವರ ಬೆರಳಿಗೆ ಸಿಕ್ಕಿಸುವ ಕ್ಲಿಪ್ ಕೂಸಿಗೆ ಆಗದು, ಪಟ್ಟಿಯಂತೆ ಸುತ್ತುವ ಪುಟ್ಟ ಸೆನ್ಸರ್ ಬೇಕು. ಮಗುವಿಗೆ 24 ಗಂಟೆ ತುಂಬಿದ ಮೇಲೆ, ಅದು ಅಳದೆ ಮಲಗಿರುವಾಗ, ಪಾದ ಬೆಚ್ಚಗಿದೆಯೇ ಎಂದು ನೋಡಿಕೊಂಡು ಮೊದಲು ಬಲಗೈಗೆ, ಆಮೇಲೆ ಒಂದು ಕಾಲಿಗೆ ಸುತ್ತಬೇಕು. ಬಲಗೈಗೆ ಹೋಗುವ ರಕ್ತ ಆ ಬಳಸುದಾರಿಗಿಂತ ಮೊದಲೇ ಕವಲೊಡೆದದ್ದು, ಕಾಲಿನದು ಅದನ್ನು ದಾಟಿ ಬಂದದ್ದು. ಎರಡೂ ಕಡೆ 95 ಅಥವಾ ಅದಕ್ಕಿಂತ ಹೆಚ್ಚಿದ್ದು, ಅಂತರ ಮೂರನ್ನು ಮೀರದಿದ್ದರೆ ಮಗು ಪರೀಕ್ಷೆಯಲ್ಲಿ ಪಾಸು. ಒಂದೇ ಕಡೆ 90ಕ್ಕಿಂತ ಕೆಳಗಿಳಿದರೂ ತಕ್ಷಣ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಆಗಬೇಕು. ನಡುವಿನ ಅಂಕಿ ಬಂದರೆ ಗಂಟೆ ಬಿಟ್ಟು ಮತ್ತೆ ನೋಡಬೇಕು. ತರಬೇತಿ ಪಡೆದ ಯಾವ ನರ್ಸ್ ಬೇಕಾದರೂ ಮಾಡಬಹುದಾದ ಕೆಲಸವಿದು.

ಅಮೆರಿಕ 2011ರಲ್ಲಿ ಈ ಪರೀಕ್ಷೆಯನ್ನು ನವಜಾತ ಶಿಶುಗಳ ಶಿಫಾರಸು ಪಟ್ಟಿಗೆ ಸೇರಿಸಿತು. ಕಡ್ಡಾಯಗೊಳಿಸಿದ ರಾಜ್ಯಗಳಲ್ಲಿ ಗಂಭೀರ ಹೃದ್ರೋಗದಿಂದಾಗುವ ಶಿಶು ಮರಣ ಶೇ 33ರಷ್ಟು ಕುಸಿದದ್ದನ್ನು 2017ರ ಅಧ್ಯಯನ ತೋರಿಸಿತು. ಹಾಗೆಂದು ಇದು ಎಲ್ಲವನ್ನೂ ಹಿಡಿಯುವುದಿಲ್ಲ. ಗಂಭೀರ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಿಗುತ್ತವೆ, ಮಹಾಅಪಧಮನಿ ಕಿರಿದಾಗಿರುವಂಥ ದೋಷಗಳು ನುಸುಳಿಬಿಡುತ್ತವೆ. ಕಪ್ಪು ಮೈಬಣ್ಣದವರಲ್ಲಿ ಯಂತ್ರವೇ ತುಸು ಹೆಚ್ಚು ತೋರಿಸುವ ಸಮಸ್ಯೆಯೂ ಇದೆ. ಆದ್ದರಿಂದ ವೈದ್ಯರು ತೊಡೆಸಂದಿನ ನಾಡಿ ಹಿಡಿದು ನೋಡುವುದನ್ನು, ಎದೆಬಡಿತ ಆಲಿಸುವುದನ್ನು ಬಿಡಬಾರದು. ಸುಳ್ಳು ಎಚ್ಚರಿಕೆಗಳು ವಿರಳ. ಹೃದಯ ಸರಿಯಿದ್ದೂ ಅಂಕಿ ಕಡಿಮೆ ಬಂದ ಎಷ್ಟೋ ಶಿಶುಗಳಲ್ಲಿ ನ್ಯುಮೋನಿಯಾವೋ ನಂಜೋ ಪತ್ತೆಯಾಗುತ್ತದೆ. ಅದೂ ಲಾಭವೇ.

ನನ್ನ ಆತಂಕ ಇರುವುದು ಪರೀಕ್ಷೆಯ ನಂತರದ ಗಂಟೆಗಳ ಬಗ್ಗೆ. ಶಿಶು ಹೃದಯ ಶಸ್ತ್ರಚಿಕಿತ್ಸೆಯ ಪರಿಣತಿ ಬಹುಪಾಲು ಬೆಂಗಳೂರಿನಲ್ಲೇ ಇದೆ. ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡುವ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ ಇದೆ. ಬೀದರ್‌ನಿಂದ ಅಲ್ಲಿಗೆ ಸುಮಾರು 700 ಕಿಲೋಮೀಟರ್. ಆ ದಾರಿಯುದ್ದಕ್ಕೂ ಮಗುವನ್ನು ಬದುಕಿಸಿಡುವುದು ಪ್ರೊಸ್ಟಗ್ಲಾಂಡಿನ್ ಎಂಬ ಔಷಧ. ಬಳಸುದಾರಿ ಮುಚ್ಚದಂತೆ ತಡೆಯುವ ಇದನ್ನು ಎಡೆಬಿಡದೆ ಕೊಡಬೇಕು. ಒಮ್ಮೊಮ್ಮೆ ಇದರಿಂದ ಉಸಿರೇ ನಿಲ್ಲಬಹುದಾದ್ದರಿಂದ ಜೊತೆಗೆ ನುರಿತವರು ಇರಲೇಬೇಕು. ಔಷಧವಿಲ್ಲದ ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ‘ಬೆಂಗಳೂರಿಗೆ ಒಯ್ಯಿರಿ’ ಎಂದರೆ ತಂದೆತಾಯಿಯ ಕೈಗೆ ಸಂಕಟವನ್ನಷ್ಟೇ ಕೊಟ್ಟಂತಾಗುತ್ತದೆ. ಕೇರಳ 2017ರಿಂದ ‘ಹೃದ್ಯಂ’ ಯೋಜನೆಯಲ್ಲಿ ಇಂಥ ಮಕ್ಕಳನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿ, ತುರ್ತು ನೋಡಿ ಆಸ್ಪತ್ರೆ ಗೊತ್ತುಮಾಡುತ್ತಿದೆ. ನೆರೆಮನೆಯವರಿಗೆ ಸಾಧ್ಯವಾದದ್ದು ನಮಗೇಕೆ ಆಗಬಾರದು?

ನಮ್ಮಲ್ಲೂ ಬುನಾದಿ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಜನ್ಮಜಾತ ಹೃದ್ರೋಗ ಸೇರಿದೆ. ಇನ್ನು ಆಗಬೇಕಾದದ್ದು ಇಷ್ಟು: ಖಾಸಗಿ, ಸರ್ಕಾರಿ ಎಂಬ ಭೇದವಿಲ್ಲದೆ ಕೈಕಾಲಿನ ಆ ಎರಡು ಅಂಕಿಗಳನ್ನು ಬರೆಯದೆ ಡಿಸ್ಚಾರ್ಜ್ ಚೀಟಿ ಕೊಡುವಂತಿಲ್ಲ ಎಂಬ ಆದೇಶ. ಪ್ರತಿ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಪ್ರೊಸ್ಟಗ್ಲಾಂಡಿನ್ ದಾಸ್ತಾನು, ಎಕೋ ನೋಡಬಲ್ಲ ವೈದ್ಯರು, ಶಿಶುಗಳಿಗೆಂದೇ ಸಜ್ಜಾದ ಆಂಬುಲೆನ್ಸ್.

ಆದೇಶ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. ನಿಮ್ಮ ಮನೆಯಲ್ಲಿ ಹೆರಿಗೆಯಾದರೆ, ಕೂಸನ್ನು ಎತ್ತಿಕೊಂಡು ಹೊರಡುವ ಮುನ್ನ ಕೇಳಿ: ಬಲಗೈ ಮತ್ತು ಕಾಲಿನಲ್ಲಿ ಆಮ್ಲಜನಕ ನೋಡಿದಿರಾ, ಎಷ್ಟಿತ್ತು?