ಕುಂಬ್ಳೆಯ ಕಾರ್ಡು ಮತ್ತು ಒಂದೇ ಟೆಂಡರು

ನಮ್ಮ ಚಿರಂಜೀವಿಯ ಒಂಬತ್ತನೆಯ ಹುಟ್ಟುಹಬ್ಬದಂದು ನಾವು ಕಚೇರಿಯಿಂದ ಮರಳುವಾಗ, ಡೊಂಬಿವಲಿ ಸ್ಟೇಶನ್ನಿನ ಸೇತುವೆಯ ಮೇಲೆ ಕ್ರಿಕೆಟ್ ಆಟಗಾರರ ಕಾರ್ಡುಗಳ ಒಂದು ಕಟ್ಟು ಕೊಂಡೆವು. ಬೆಲೆ 30 ರೂಪಾಯಿ. ತಿಂಗಳ ಕೊನೆಯ ವಾರದಲ್ಲಿ ಗುಮಾಸ್ತನ ಕಿಸೆಗೆ ಇದಕ್ಕಿಂತ ಘನವಾದ ಉಡುಗೊರೆ ಹೊಳೆಯುವುದಿಲ್ಲ. ಹುಡುಗ ಕಟ್ಟನ್ನು ಬಿಚ್ಚಿದ; ಒಂದು ಕಾರ್ಡನ್ನು ಮಗುಚಿ ನೋಡಿದ; ಮೆಲ್ಲಗೆ ಮೇಜಿನ ಮೇಲಿಟ್ಟ.

"ಅಪ್ಪಾ, ಇದು ಡೂಪ್ಲಿಕೇಟ್. ಹಿಂದೆ ಲೈಸೆನ್ಸಿನ ಗುರುತೇ ಇಲ್ಲ. ಶಾಲೇಲಿ ಇದನ್ನ ಯಾರೂ ಬದಲಾಯಿಸಿಕೊಳ್ಳೋದಿಲ್ಲ."

ಅಡಿಗೆಮನೆಯಲ್ಲಿ ನಮ್ಮ ಮನೆಯವರು ನಕ್ಕದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

'ನಮ್ಮ ಕಾಲದಲ್ಲಿ' ಎಂದು ಆರಂಭಿಸುವ ವಯಸ್ಸು ನಮಗಿನ್ನೂ ಆಗಿಲ್ಲ. ಆದರೂ ಅಂದು ಹಾಗೆ ಆರಂಭಿಸದೆ ಗತಿಯಿರಲಿಲ್ಲ. ನಾವು ಬೆಳೆದದ್ದು ಇದೇ ಊರಿನ ಒಂದು ಚಾಳಿನಲ್ಲಿ. ಬಬಲ್‌ಗಮ್ಮಿನ ಜತೆ ಬಂದದ್ದು, ಅಂಗಡಿಯ ಟ್ರಂಪ್ ಕಾರ್ಡಿನ ಕಟ್ಟಿನಿಂದ ಉದುರಿದ್ದು, ಎಲ್ಲ ಕಾರ್ಡುಗಳೂ ಚಾಳಿನ ಮೆಟ್ಟಿಲ ಮೇಲೆ ಕೈಬದಲಾಗುತ್ತಿದ್ದವು. ಮರಾಠಿ ಹುಡುಗರಿಗೆ ತೆಂಡುಲ್ಕರ್ ಬೇಕು, ನಮಗೆ ಕುಂಬ್ಳೆ, ಶ್ರೀನಾಥ್, ದ್ರಾವಿಡ್. ಒಬ್ಬ ತೆಂಡುಲ್ಕರನಿಗೆ ಕುಂಬ್ಳೆ, ಶ್ರೀನಾಥ್ ಇಬ್ಬರನ್ನೂ ಕೊಡಬೇಕೆಂಬುದು ಅಲ್ಲಿನ ದರ. 1999ರ ಫೆಬ್ರವರಿ 7ರಂದು ದಿಲ್ಲಿಯಲ್ಲಿ ಕುಂಬ್ಳೆಯವರು ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ 74 ಓಟಗಳಿಗೆ ಉರುಳಿಸಿದರು. ಮರುದಿನದಿಂದ ಒಬ್ಬ ತೆಂಡುಲ್ಕರನಿಗೆ ಒಬ್ಬ ಕುಂಬ್ಳೆ ಸರಿಸಮ! ಆ ದರವನ್ನು ಕಟ್ಟಿದ್ದು ಯಾವ ಕಂಪನಿಯೂ ಅಲ್ಲ. ಮೆಟ್ಟಿಲ ಮೇಲೆ ಕುಳಿತ ಏಳೆಂಟು ಹುಡುಗರು.

ಇಷ್ಟನ್ನೂ ಹೇಳಿ, ಟ್ರಂಕಿನ ತಳದಿಂದ ಆ ಕುಂಬ್ಳೆಯ ಕಾರ್ಡನ್ನು ತೆಗೆದು ಹೆಮ್ಮೆಯಿಂದ ಮಗನ ಕೈಗಿತ್ತೆವು. ಅವನು ಅದನ್ನೂ ಮಗುಚಿ ನೋಡಿದ. ಲೈಸೆನ್ಸಿನ ಗುರುತು ಹಾಗಿರಲಿ, ಅಚ್ಚು ಹಾಕಿದವರ ಹೆಸರೂ ಇರಲಿಲ್ಲ.

"ಇದಕ್ಕೆ ಕುಂಬ್ಳೆಗೆ ದುಡ್ಡು ಸಿಕ್ಕಿತ್ತಾ, ಅಪ್ಪಾ?"

ಬಿ.ಎ. ಪಾಸಾದ ನಾವು ನಿರುತ್ತರರಾದೆವು.

ಹುಡುಗನ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದಲ್ಲಿ ಇದೇ ಪ್ರಶ್ನೆ 1953ರಲ್ಲಿ ಕೋರ್ಟಿಗೆ ಬಂದಿತ್ತು. ಬಬಲ್‌ಗಮ್ ಮಾರುವ ಎರಡು ಕಂಪನಿಗಳು ಬೇಸ್‌ಬಾಲ್ ಆಟಗಾರರ ಚಿತ್ರಕ್ಕಾಗಿ ಜಗಳವಾಡಿದವು. ಅದರಲ್ಲಿ ಒಂದು ಟಾಪ್ಸ್. ತನ್ನ ಚಿತ್ರಕ್ಕೆ ಇರುವ ಬೆಲೆಯ ಮೇಲೆ ಆಟಗಾರನಿಗೆ ಹಕ್ಕುಂಟು, ಅದನ್ನು ಒಬ್ಬರಿಗೆ ಮಾತ್ರವೇ ಬರೆದುಕೊಡಲೂಬಹುದು ಎಂದು ನ್ಯಾಯಾಲಯ ಹೇಳಿತು. ಬೆವರು ಸುರಿಸಿದವನಿಗೆ ಕೂಲಿ ಸಲ್ಲಬೇಕೆಂಬ ಮೊದಲ ಮಾತಿಗೆ ನಮ್ಮ ಒಪ್ಪಿಗೆಯಿದೆ. ನಮ್ಮ ಸಂಶಯವೆಲ್ಲ 'ಒಬ್ಬರಿಗೆ ಮಾತ್ರ' ಎಂಬ ಎರಡನೆಯ ಮಾತಿನ ಮೇಲೆ.

1956ರಲ್ಲಿ ಟಾಪ್ಸ್ ತನ್ನ ಎದುರಾಳಿ ಬೌಮನ್ ಕಂಪನಿಯನ್ನೇ ಕೊಂಡುಕೊಂಡಿತು. ಮುಂದೆ ಬಹುಕಾಲ ಅದಕ್ಕೆ ಸರಿಜೋಡಿಯಿರಲಿಲ್ಲ. 1980ರಲ್ಲಿ ಒಂದು ಕೋರ್ಟು ಈ ಬಿಗಿಯನ್ನು ಸಡಿಲಿಸಲು, 1981ರಲ್ಲಿ ಫ್ಲಿಯರ್, ಡಾನ್‌ರಸ್ ಎಂಬ ಇನ್ನೆರಡು ಕಂಪನಿಗಳ ಕಾರ್ಡುಗಳು ಪೇಟೆಗೆ ಬಂದವು. ಅದೇ ವರ್ಷ ಮೇಲಿನ ಕೋರ್ಟು ತೀರ್ಪನ್ನು ತಿರುಗಿಸಿದರೂ ಬಂದವರು ಕಾಲ್ತೆಗೆಯಲಿಲ್ಲ. ಆದರೆ 1990ರ ಸುಮಾರಿಗೆ ಎಲ್ಲರೂ ಮಿತಿಮೀರಿ ಅಚ್ಚು ಹಾಕಿ ಕಾರ್ಡು ಕಾಸಿಗೊಂದು ಕೊಸರಿಗೊಂದು ಎಂಬಂತಾಯಿತು. ಒಬ್ಬನೇ ಇದ್ದರೆ ಶಿಸ್ತು ಎನ್ನುವವರ ವಾದಕ್ಕೂ ಆಧಾರವಿಲ್ಲದಿಲ್ಲ. ಈಗ ಚಕ್ರ ಮರಳಿ ತಿರುಗಿದೆ. 2021ರಲ್ಲಿ ಫೆನಾಟಿಕ್ಸ್ ಎಂಬ ಕಂಪನಿ ಅಲ್ಲಿನ ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಫುಟ್‌ಬಾಲ್ ಮೂರರ ಕಾರ್ಡಿನ ಹಕ್ಕನ್ನೂ ಗೊತ್ತುಮಾಡಿಕೊಂಡಿತು. 2022ರ ಜನವರಿಯಲ್ಲಿ ಟಾಪ್ಸಿನ ಕಾರ್ಡು ವ್ಯಾಪಾರವನ್ನೇ ಕೊಂಡಿತು. 2023ರಲ್ಲಿ ಇಟಲಿಯ ಮೂಲದ ಪಾನಿನಿ, ಇದು ಅನ್ಯಾಯದ ಏಕಸ್ವಾಮ್ಯವೆಂದು ಕೋರ್ಟಿನ ಮೆಟ್ಟಿಲೇರಿತು.

ದೊಡ್ಡವರ ಜಗಳದಲ್ಲಿ ಕೂಡಿಸುವವನಿಗೆ ಆಗುವುದೇನು? 2024ರ ಯುರೋಪಿನ ಫುಟ್‌ಬಾಲ್ ಪಂದ್ಯಾವಳಿಯನ್ನು ನೋಡಿರಿ. ಅಲ್ಲಿಯವರೆಗೆ ಪಾನಿನಿಯದಾಗಿದ್ದ ಆಲ್ಬಮ್ಮಿನ ಹಕ್ಕು ಟಾಪ್ಸಿಗೆ ಹೋಯಿತು. ಆದರೆ ಇಂಗ್ಲೆಂಡಿನಂಥ ಕೆಲವು ತಂಡಗಳ ಹಕ್ಕು ಪಾನಿನಿಯ ಬಳಿಯೇ ಉಳಿಯಿತು. ಒಂದೇ ಪಂದ್ಯಾವಳಿ, ಒಂದು ಪುಸ್ತಕದಲ್ಲಿ ಪೂರ್ಣವಾಗದು! ಹುಡುಗ ಎಷ್ಟು ಪೊಟ್ಟಣ ಒಡೆದರೇನು, ವಕೀಲರು ಮೊದಲೇ ಖಾಲಿ ಬಿಟ್ಟ ಜಾಗವನ್ನು ತುಂಬಿಸಲಾರ.

ನಮ್ಮ ದೇಶದಲ್ಲೂ ಈ ವ್ಯಾಜ್ಯ ನಡೆದಿದೆ, ಅದೂ ಕಾಗದವಿಲ್ಲದ ಕಾರ್ಡಿಗಾಗಿ. ಮೊಬೈಲಿನಲ್ಲಿ ಕೂಡಿಡುವ ಕ್ರಿಕೆಟ್ ಕಾರ್ಡುಗಳ ಹಕ್ಕನ್ನು ರಾರಿಯೋ ಎಂಬ ಸಂಸ್ಥೆ ಹಲವು ಆಟಗಾರರಿಂದ ಬರೆಸಿಕೊಂಡಿತ್ತು. ಎಂ.ಪಿ.ಎಲ್. ಬಳಗದ ಸ್ಟ್ರೈಕರ್ ಎಂಬ ಆಟದವರು ಆಟಗಾರರ ರೇಖಾಚಿತ್ರ ಬರೆಸಿ ಕಾರ್ಡು ಹೊರಡಿಸಿದಾಗ, ತಡೆಯಾಜ್ಞೆ ಬೇಡಿ ರಾರಿಯೋ ದಿಲ್ಲಿ ಹೈಕೋರ್ಟಿಗೆ ಹೋಯಿತು. ಮೊಹಮ್ಮದ್ ಸಿರಾಜರಂಥ ಆಟಗಾರರೂ ಜತೆಗೂಡಿದರು. 2023ರ ಏಪ್ರಿಲ್ 26ರಂದು ನ್ಯಾಯಮೂರ್ತಿ ಅಮಿತ್ ಬನ್ಸಾಲರು ತಡೆಯಾಜ್ಞೆ ಕೊಡಲು ನಿರಾಕರಿಸಿದರು. ಆಟಗಾರನ ಹೆಸರು, ಅವನ ಓಟ ವಿಕೆಟ್ಟುಗಳ ಲೆಕ್ಕ ಸಾರ್ವಜನಿಕರ ಮುಂದಿರುವ ಸಂಗತಿ; ಅದನ್ನು ಯಾರೂ ಒಬ್ಬರ ಸೊತ್ತಾಗಿ ಕಟ್ಟಿಹಾಕಲಾಗದು ಎಂಬುದು ಆ ಆಜ್ಞೆಯ ಸಾರ. ಓದಿ ನಮಗೆ ಸಮಾಧಾನವಾಯಿತು. ಕುಂಬ್ಳೆಯವರ 74ಕ್ಕೆ 10 ಯಾರಪ್ಪನ ಗಂಟೂ ಅಲ್ಲ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯುಂಟು. ಒಂದೇ ಟೆಂಡರು ಬಂದ ಫೈಲು ಸಾಹೇಬರ ಮೇಜಿಗೆ ಹೋದರೆ, 'ಕಾರಣ ಬರೆಯಿರಿ' ಎಂಬ ಷರಾ ಹೊತ್ತು ನಮ್ಮ ಮೇಜಿಗೇ ಮರಳುತ್ತದೆ. ಹತ್ತು ರೂಪಾಯಿಯ ಗುಂಡುಸೂಜಿಗೂ ಎರಡು ಮೂರು ದರಗಳನ್ನು ಹೋಲಿಸಬೇಕಾದರೆ, ಮಕ್ಕಳ ಸಂತೋಷಕ್ಕೆ ಒಬ್ಬನೇ ಗುತ್ತಿಗೆದಾರನೇಕೆ? ಆಟಗಾರನಿಗೆ ಸಲ್ಲಬೇಕಾದ್ದು ಸಲ್ಲಲಿ, ಲೈಸೆನ್ಸಿರಲಿ. ಅದು ಎರಡು ಮೂರು ಮಂದಿಗೆ ಸಿಗಲಿ. ಆಗ ಕಿಸೆಗೆ ತಕ್ಕ ಪೊಟ್ಟಣವೂ ಬಂದೀತು, ಸೇತುವೆಯ ಮೇಲಿನ ಕಳ್ಳಮಾಲಿನ ಗಿರಾಕಿಯೂ ಕಡಿಮೆಯಾದಾನು. ಆ ಗಿರಾಕಿಗಳಲ್ಲಿ ಈ ಅಂಕಣಕಾರರೂ ಒಬ್ಬರೆಂಬುದನ್ನು ಮರೆಮಾಚಲಾರೆವು.

ಮುಂದಿನ ರವಿವಾರ ಮಗನ ಜತೆ ಅಂಗಡಿಗೆ ಹೋಗಿ ಲೈಸೆನ್ಸಿನ ಒಂದು ಪೊಟ್ಟಣ ಕೊಂಡೆವು. ಬೆಲೆಯನ್ನು ಮನೆಯಲ್ಲಿ ಹೇಳಲಿಲ್ಲ. ಅದರಲ್ಲಿ ಎರಡು ಕಾರ್ಡು ಅವನ ಬಳಿ ಆಗಲೇ ಇದ್ದವು. ರಾತ್ರಿ ಅವೆರಡನ್ನೂ ನಮ್ಮ ಮುಂದಿಟ್ಟು ಕೇಳಿದ: "ಇವೆರಡಕ್ಕೆ ನಿಮ್ಮ ಕುಂಬ್ಳೆ ಕೊಡ್ತೀರಾ?"

ಸಂಘದ ಕಾರ್ಯದರ್ಶಿಗಳಲ್ಲಿ ನಮ್ಮದೊಂದು ವಿನಂತಿ: ಬರುವ ಮಕ್ಕಳ ದಿನದ ಕೂಟದಲ್ಲಿ ಸಭಾಗೃಹದ ಮೂಲೆಯಲ್ಲಿ ಒಂದು ಮೇಜು ಹಾಕಿಸಿರಿ. ಮಕ್ಕಳು ತಮ್ಮಲ್ಲಿ ಎರಡೆರಡಿರುವ ಕಾರ್ಡುಗಳನ್ನು ತರಲಿ, ತಾವೇ ದರ ಕಟ್ಟಿ ಬದಲಾಯಿಸಿಕೊಳ್ಳಲಿ. ಕಾರ್ಡಿನ ಬೆನ್ನನ್ನು ಅಂದು ಯಾರೂ ಮಗುಚಿ ನೋಡುವುದು ಬೇಡ. ನಾವೂ ಬರುತ್ತೇವೆ; ಆದರೆ ಕುಂಬ್ಳೆಯನ್ನು ತರುವುದಿಲ್ಲ. ಅವನು ಈಗ ನಮ್ಮವನಲ್ಲ.