ಖಳನಿಗೂ ಒಂದು ಕಥೆ ಇರಲಿ ಬಿಡಿ

"ಕೊಲೆಗಾರನಿಗೆ ಕಣ್ಣೀರಿನ ಕಥೆ ಕಟ್ಟೋದು ಅಂದ್ರೆ ಅವನನ್ನ ಸಮರ್ಥಿಸಿದ ಹಾಗೇ" ಅಂತ ಮೊನ್ನೆ ಗೆಳೆಯನೊಬ್ಬ ವಾದಕ್ಕೆ ಬಿದ್ದ. ಶೋನೆನ್, ಅಂದ್ರೆ ಹುಡುಗರಿಗಾಗಿ ಮಾಡೋ ಅನಿಮೆಯಲ್ಲಂತೂ ಕೆಟ್ಟವನು ಕೆಟ್ಟವನಾಗೇ ಇರಬೇಕಂತೆ. ನಾನು ಒಪ್ಪಲ್ಲ.

ಹಿರೋಮು ಅರಕಾವಾ ಅವರ ಮಾಂಗಾ ಆಧರಿಸಿ 2009ರಲ್ಲಿ ಶುರುವಾದ 'ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್' ನೋಡಿ. (ಕಥೆ ಹೇಳಿಬಿಡ್ತಿದ್ದೀನಿ, ಬೈಕೋಬೇಡಿ.) ಖಳನಾಗಿ ಬರೋ ಸ್ಕಾರ್‌ನ ಇಶ್ವಾಲ್ ಜನರನ್ನ ದೇಶದ ಸೈನ್ಯವೇ ಹೆಚ್ಚುಕಮ್ಮಿ ನಿರ್ನಾಮ ಮಾಡಿದೆ. ಆ ಆಕ್ರೋಶದಲ್ಲಿ ಅವನು, ತನಗೇ ಚಿಕಿತ್ಸೆ ಕೊಟ್ಟ ಡಾಕ್ಟರ್ ದಂಪತಿಯನ್ನ ಕೊಂದಿದ್ದಾನೆ. ನೋವೂ ನಿಜ, ಪಾಪವೂ ನಿಜ.

ಆ ದಂಪತಿಯ ಮಗಳು ವಿನ್ರಿ ಒಮ್ಮೆ ಅವನತ್ತ ಪಿಸ್ತೂಲು ಹಿಡೀತಾಳೆ, ಗುಂಡು ಹಾರಿಸೋಕಾಗಲ್ಲ. ಮುಂದೊಂದು ದಿನ ಅವನ ಗಾಯಕ್ಕೆ ಪಟ್ಟಿ ಕಟ್ತಾಳೆ, ಕ್ಷಮಿಸಿಲ್ಲ ಅಂತ ಮುಖಕ್ಕೇ ಹೇಳಿ. ಅಪ್ಪ ಅಮ್ಮ ಇದ್ದಿದ್ರೆ ಇದನ್ನೇ ಮಾಡ್ತಿದ್ರು ಅನ್ನೋದಷ್ಟೇ ಅವಳ ಕಾರಣ.

ಈಗ ಹೇಳಿ, ಇದರಲ್ಲಿ ಸಮರ್ಥನೆ ಎಲ್ಲಿದೆ? ಸ್ಕಾರ್ ಬರೀ ರಾಕ್ಷಸನಾಗಿದ್ದಿದ್ರೆ ಹೀರೋ ಗುದ್ದಿ ಮುಗಿಸ್ತಿದ್ದ. ವಿನ್ರಿ ಎದುರು ಇಂಥ ಪ್ರಶ್ನೆಯೇ ಬರ್ತಿರಲಿಲ್ಲ. ಅರ್ಥ ಮಾಡ್ಕೊಳ್ಳೋದು ಬೇರೆ, ಕ್ಷಮಿಸೋದು ಬೇರೆ. ದೊಡ್ಡವರಾದ ನಾವೇ ಎರಡನ್ನೂ ಕಲಸಿಬಿಡ್ತೀವಿ. ಹುಡುಗರಿಗೆ ಆ ವ್ಯತ್ಯಾಸ ತೋರಿಸೋ ಕಥೆಗೆ ಮೂಗು ಮುರಿಯೋದ್ಯಾಕೆ?

ನೀವೇನಂತೀರಿ?